ವಿಎಫ್‌ಒಗೆ (ಫ್ರೀಕ್ವೆನ್ಸಿ ಬದಲಾಯಿಸಬಹುದಾದ ಆಸಿಲೇಟರ್) 1 ಪಿಎಫ್ (ಪಿಕೊಫ್ಯಾರಡ್) ಸೇರಿಸಿದರೆ 17 ಕಿಲೋಹರ್ಟ್ಜ್ ಸರಿಯಬೇಕು, ಸರಿಯುತ್ತಿರುವುದು ಒಂದೇ. ಉಳಿದದ್ದು ಎಲ್ಲಿ ಹೋಯ್ತು?

ತುಂಗಾತೀರ, ತೀರ್ಥಹಳ್ಳಿ
ಎಲ್ಲರಿಗೂ ನಮಸ್ಕಾರ. 40 ಮೀಟರ್ ಹ್ಯಾಮ್ ಬ್ಯಾಂಡಿಗೆ (7 ಮೆಗಾಹರ್ಟ್ಜ್) ಡೈರೆಕ್ಟ್ ಕನ್ವರ್ಷನ್ ರಿಸೀವರ್ ಕಟ್ಟುತ್ತಿದ್ದೇನೆ. ಆಸಿಲೇಟರ್ ಮಾಮೂಲಿ ಕಾಲ್ಪಿಟ್ಸ್, ಜೆಫೆಟ್ ಟ್ರಾನ್ಸಿಸ್ಟರ್ ಹಾಕಿದ್ದು. ಕಾಯಿಲ್ ಟಿ50-6 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 25 ಸುತ್ತು, ಸುಮಾರು 2.5 ಮೈಕ್ರೋಹೆನ್ರಿ. ಟ್ಯಾಂಕಿನ (ಫ್ರೀಕ್ವೆನ್ಸಿ ತೀರ್ಮಾನಿಸುವ ಕಾಯಿಲ್-ಕೆಪಾಸಿಟರ್ ಜೋಡಿ) ಒಟ್ಟು ಕೆಪಾಸಿಟೆನ್ಸ್ 200 ಪಿಎಫ್ ಆಸುಪಾಸು. ದೊಡ್ಡ ಟ್ಯೂನಿಂಗಿಗೆ ಹಳೇ ರೇಡಿಯೋದ ಗ್ಯಾಂಗ್ (ತಿರುಗಿಸುವ ಕೆಪಾಸಿಟರ್) ಇದೆ. ಕೈಯಲ್ಲೇ ತಿರುಗಿಸುವುದು, ಅದರಲ್ಲಿ ಒಂದು ಸುಖ ಇದೆ.

ತೊಂದರೆ ಡ್ರಿಫ್ಟ್‌ದು, ಅಂದರೆ ಫ್ರೀಕ್ವೆನ್ಸಿ ತಾನಾಗೇ ಸರಿಯುವುದು. ಸ್ಟೇಷನ್ ಹಿಡಿದು ಕಾಫಿ ಕುಡಿಯುವಷ್ಟರಲ್ಲಿ ದನಿ ಬಾತುಕೋಳಿ ಆಗಿರುತ್ತದೆ. ಅದಕ್ಕೇ ಮೈಕ್ರೋಕಂಟ್ರೋಲರ್ ಫ್ರೀಕ್ವೆನ್ಸಿ ಎಣಿಸಿ, ಸಣ್ಣ ಕೆಪಾಸಿಟರ್‌ಗಳನ್ನು ಆನ್ ಆಫ್ ಮಾಡಿ, ತಾನೇ ಸರಿಪಡಿಸಿಕೊಳ್ಳಲಿ ಅಂತ ಯೋಚನೆ. 1, 2.2, 3.9, 8.2 ಪಿಎಫ್. ಪ್ರತಿಯೊಂದರ ಕೆಳಗೂ ನೆಲಕ್ಕೆ ಸ್ವಿಚ್ ಆಗಿ ಒಂದು 2ಎನ್7000 ಟ್ರಾನ್ಸಿಸ್ಟರ್. ಈ ಸಾಲಿಗೆ ಬ್ಯಾಂಕ್ ಅನ್ನೋಣ.

1 ಪಿಎಫ್ ಆನ್ ಮಾಡಿದರೆ 17 ಕಿಲೋಹರ್ಟ್ಜ್ ಇಳಿಯಬೇಕು ಅನ್ನುತ್ತದೆ ಲೆಕ್ಕ. ಇಳಿಯುವುದು ಒಂದು ಕಿಲೋಹರ್ಟ್ಜ್ ಮೇಲೆ ಸ್ವಲ್ಪ. 8.2ಕ್ಕೆ 140 ಬರಬೇಕು, 50ರ ಹತ್ತಿರ ಬರುತ್ತದೆ. ಕೆಪಾಸಿಟರ್ ಬದಲಾಯಿಸಿ ನೋಡಿದೆ, ಅದೇ ಕಥೆ. ಇನ್ನೊಂದು ವಿಚಿತ್ರ: ಎಲ್ಲ ಆಫ್ ಇದ್ದಾಗಲೂ ಬ್ಯಾಟರಿ ಇಳಿದ ಹಾಗೆ ಫ್ರೀಕ್ವೆನ್ಸಿ ಸರಿಯುತ್ತದೆ. ಬ್ಯಾಂಕ್ ಬಿಚ್ಚಿಟ್ಟರೆ ಅಷ್ಟು ಸರಿಯುವುದಿಲ್ಲ.

ಡಿಜಿಟಲ್_ಗೌಡ
ಎಸ್ಐ5351 (ಫ್ರೀಕ್ವೆನ್ಸಿ ಹುಟ್ಟಿಸುವ ಡಿಜಿಟಲ್ ಚಿಪ್) ಹಾಕಿ ಮಾರಾಯ್ರೇ. ಹೈದರಾಬಾದಿನ ಹ್ಯಾಮ್ ಅಶರ್ ಫರ್ಹಾನ್, ವಿಯು2ಇಎಸ್‌ಇ, ಅವರ ಮೈಕ್ರೋಬಿಟೆಕ್ಸ್ ರೇಡಿಯೋದಲ್ಲೂ ಅದೇ ಇರುವುದು. ಡ್ರಿಫ್ಟ್ ಗಿಫ್ಟ್ ಏನೂ ಇಲ್ಲ.

ತುಂಗಾತೀರ
ಗೊತ್ತು. ಒಂದು ಡಬ್ಬದಲ್ಲೇ ಇದೆ. ಇದು ಸ್ಟೇಷನ್ ಕೇಳುವುದಕ್ಕಿಂತ ಜಾಸ್ತಿ, ಆಸಿಲೇಟರ್ ಅರ್ಥ ಮಾಡಿಕೊಳ್ಳಲು ಕಟ್ಟಿದ್ದು.

ಭದ್ರಾವತಿ_675
ಒಳ್ಳೇ ಕೆಲಸ. ಒಂದೇ ಪ್ರಶ್ನೆ. ಟ್ರಾನ್ಸಿಸ್ಟರ್ ಆಫ್ ಇದ್ದಾಗ ಅದರ ಡ್ರೈನ್ ಎಲ್ಲಿಗೆ ಕಟ್ಟಿದೆ? ಸುಮ್ನೆ ಗಾಳಿಯಲ್ಲಿ ತೂಗುತ್ತಿದೆಯಾ?

ತುಂಗಾತೀರ
ಗಾಳಿಯಲ್ಲೇ ಸರ್. ಡ್ರೈನ್‌ಗೆ ಕೆಪಾಸಿಟರ್ ಒಂದೇ ಇರುವುದು.

ಸೋಲ್ಡರ್_ಸಾಗರ
ಕಳ್ಳ ಸಿಕ್ಕಿದ. ಎರಡು ವಿಷಯ ಇದೆ, ಉದ್ದ ಬರೆಯುತ್ತೇನೆ.

ಮೊದಲನೆಯದು. 2ಎನ್7000 ಆಫ್ ಆದರೂ ಪೂರ್ತಿ ಆಫ್ ಆಗುವುದಿಲ್ಲ. ಡ್ರೈನ್‌ನಿಂದ ನೆಲಕ್ಕೆ ಅದರದ್ದೇ ಒಂದು ಕೆಪಾಸಿಟೆನ್ಸ್ ಕೂತಿರುತ್ತದೆ. ಲೆಕ್ಕಕ್ಕೆ 15 ಪಿಎಫ್ ಅಂತ ಹಿಡಿಯೋಣ. ನಿಮ್ಮ 1 ಪಿಎಫ್ ಈ 15ರ ಜೊತೆ ಸೀರೀಸ್. ಆಫ್ ಇದ್ದಾಗಲೇ ಟ್ಯಾಂಕಿಗೆ 0.94 ಪಿಎಫ್ ಕಾಣುತ್ತಿದೆ. ಆನ್ ಮಾಡಿದರೆ 1 ಪಿಎಫ್. ವ್ಯತ್ಯಾಸ 0.06. ಒಂದು ಪಿಎಫ್‌ಗೆ 17.6 ಕಿಲೋಹರ್ಟ್ಜ್ ಆದರೆ 0.06ಕ್ಕೆ 1.1. ನಿಮಗೆ ಸಿಕ್ಕಿದ್ದು ಅದೇ ಅಲ್ವಾ? 8.2ಕ್ಕೂ ಹಾಗೇ ಮಾಡಿ. ಆಫ್‌ನಲ್ಲಿ 5.3, ಆನ್‌ನಲ್ಲಿ 8.2. ವ್ಯತ್ಯಾಸ 2.9, ಅಂದರೆ 51 ಕಿಲೋಹರ್ಟ್ಜ್. ಲೆಕ್ಕ ಕೂತಿತು.

ಸೂತ್ರ ಬೇಕಿದ್ದರೆ: ನಿಜವಾಗಿ ಸಿಗುವ ಬದಲಾವಣೆ = ಕೆಪಾಸಿಟರ್‌ನ ವರ್ಗವನ್ನು, ಕೆಪಾಸಿಟರ್ ಮತ್ತು ಟ್ರಾನ್ಸಿಸ್ಟರ್ ಕೆಪಾಸಿಟೆನ್ಸ್‌ಗಳ ಮೊತ್ತದಿಂದ ಭಾಗಿಸಿದ್ದು. ಸಣ್ಣ ಕೆಪಾಸಿಟರ್‌ಗೆ ಏಟು ಜಾಸ್ತಿ, ದೊಡ್ಡದಕ್ಕೆ ಕಡಿಮೆ. ಹಾಗಾಗಿ ನೀವು ಎರಡೆರಡು ಪಟ್ಟು ಅಂತ ಜೋಡಿಸಿದ್ದು ಅಲ್ಲಿಗೆ ಹೋದಾಗ ಮೂರರಿಂದ ನಾಲ್ಕೂವರೆ ಪಟ್ಟು ಆಗಿರುತ್ತದೆ. ನಡುವೆ ದೊಡ್ಡ ದೊಡ್ಡ ಗುಂಡಿ ಬೀಳುತ್ತದೆ. ಆ ಗುಂಡಿಯೊಳಗಿನ ಫ್ರೀಕ್ವೆನ್ಸಿ ಯಾವ ಕೋಡ್ ಕೊಟ್ಟರೂ ಸಿಗುವುದಿಲ್ಲ.

ಎರಡನೆಯದು ಬ್ಯಾಟರಿ ಕಥೆ. ಆ 15 ಪಿಎಫ್ ನಿಂತ ನೀರಲ್ಲ, ಡ್ರೈನ್ ವೋಲ್ಟೇಜ್ ಮೇಲೆ ಏರಿಳಿಯುತ್ತದೆ. ವೋಲ್ಟೇಜ್ ಕಡಿಮೆ ಆದಷ್ಟೂ ಅದು ಜಾಸ್ತಿ. ಡ್ರೈನ್ ಗಾಳಿಯಲ್ಲಿದ್ದರೆ ಒಳಗಿನ ಡಯೋಡ್ ಆರ್‌ಎಫ್ ಅನ್ನೇ ರೆಕ್ಟಿಫೈ ಮಾಡಿ ತನಗೆ ತಾನೇ ಒಂದು ವೋಲ್ಟೇಜ್ ಕಟ್ಟಿಕೊಳ್ಳುತ್ತದೆ. ಬ್ಯಾಟರಿ ಇಳಿದರೆ ಆಸಿಲೇಷನ್ ಎತ್ತರ ಇಳಿಯುತ್ತದೆ, ಆ ವೋಲ್ಟೇಜೂ ಇಳಿಯುತ್ತದೆ, ಕೆಪಾಸಿಟೆನ್ಸ್ ಏರುತ್ತದೆ. ನೀವು ವ್ಯಾರಕ್ಟರ್ (ವೋಲ್ಟೇಜಿಗೆ ತಕ್ಕ ಹಾಗೆ ಕೆಪಾಸಿಟೆನ್ಸ್ ಬದಲಾಗುವ ಡಯೋಡ್) ಹಾಕದೆ ಗ್ಯಾಂಗ್ ಹಾಕಿದಿರಿ. ನಾಲ್ಕು ವ್ಯಾರಕ್ಟರ್ ಒಳಗೆ ಬಂದು ಕೂತಿವೆ!

ಮದ್ದು: ಪ್ರತಿ ಡ್ರೈನ್‌ನಿಂದ ರೆಗ್ಯುಲೇಟ್ ಆದ 9 ವೋಲ್ಟಿಗೆ ಒಂದೊಂದು 100 ಕೆ ರೆಸಿಸ್ಟರ್. ಆಫ್ ಇದ್ದಾಗ ಡ್ರೈನ್ ಮೇಲೆ ನಿಲ್ಲುತ್ತದೆ, ಡಯೋಡ್ ಬಾಯಿ ಮುಚ್ಚಿರುತ್ತದೆ. ಆನ್ ಆದಾಗ 0.1 ಮಿಲಿಆಂಪಿಗೂ ಕಡಿಮೆ ಖರ್ಚು.

ತುಂಗಾತೀರ
100 ಕೆ ಹಾಕಿದೆ. ಬ್ಯಾಟರಿ ಆಟ ನಿಂತಿತು! 1 ಪಿಎಫ್ ಹೆಜ್ಜೆ ಕೂಡ ಸ್ವಲ್ಪ ದೊಡ್ಡದಾಯ್ತು. ಆದರೆ ನನಗೆ ಬೇಕಿರುವುದು 50 ಹರ್ಟ್ಜ್‌ಗಿಂತ ಸಣ್ಣ ಹೆಜ್ಜೆ. 17.6 ಕಿಲೋಹರ್ಟ್ಜ್‌ಗೆ 1 ಪಿಎಫ್ ಆದರೆ 50 ಹರ್ಟ್ಜ್‌ಗೆ 0.003 ಪಿಎಫ್. ಅಂಥ ಕೆಪಾಸಿಟರ್ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಲು ಹೊರಟ ಹಾಗಾಯ್ತು.

ಭದ್ರಾವತಿ_675
ಅಂಗಡಿಯಲ್ಲಿ ಸಿಗುವುದಿಲ್ಲ. ನಿಮ್ಮ ಗ್ಯಾಂಗ್ ಬಂತಲ್ಲ, ಆ ಹಳೇ ರೇಡಿಯೋದಲ್ಲಿ ಸಿಗುತ್ತದೆ.

ಮೀಡಿಯಂ ವೇವ್ ಸೆಟ್ಟಿನಲ್ಲಿ ಭದ್ರಾವತಿ 675ಕ್ಕೆ ಮುಳ್ಳು ಇಟ್ಟರೆ ಒಳಗೆ ಆಸಿಲೇಟರ್ 1130ರಲ್ಲಿ ಓಡುತ್ತಿರುತ್ತದೆ. 455 ಐಎಫ್ (ಮಧ್ಯಂತರ ಫ್ರೀಕ್ವೆನ್ಸಿ) ಸೇರಿಸಬೇಕಲ್ಲ. ಆಂಟೆನಾ ಕಡೆ 530ರಿಂದ 1600, ಅಂದರೆ ಮೂರು ಪಟ್ಟು ಓಡಬೇಕು. ಆಸಿಲೇಟರ್ ಕಡೆ 985ರಿಂದ 2055, ಎರಡು ಪಟ್ಟು ಸಾಕು. ಆದರೆ ಗ್ಯಾಂಗಿನ ಎರಡೂ ಭಾಗ ಒಂದೇ ಶಾಫ್ಟ್ ಮೇಲೆ, ಎಷ್ಟೋ ಸೆಟ್ಟಿನಲ್ಲಿ ಒಂದೇ ಅಳತೆ. ಹಾಗಿದ್ದರೆ ಆಸಿಲೇಟರ್ ಕಡೆಯದನ್ನು ಕುಗ್ಗಿಸಿದ್ದು ಹೇಗೆ? ಸೀರೀಸಿನಲ್ಲಿ ಒಂದು ಪ್ಯಾಡರ್ ಕೆಪಾಸಿಟರ್. ರಿಪೇರಿ ಮಾಡಿದವರೆಲ್ಲ ಅದರ ಸ್ಕ್ರೂ ತಿರುಗಿಸಿದವರೇ.

ಪ್ಯಾಡರ್ ಚಿಕ್ಕದಾದಷ್ಟೂ ಗ್ಯಾಂಗಿನ ಓಟ ಟ್ಯಾಂಕಿಗೆ ಕಡಿಮೆ ಕಾಣುತ್ತದೆ. ನಿಮ್ಮ ಬ್ಯಾಂಕನ್ನು ಟ್ಯಾಂಕಿನ ತಲೆಗೆ ಕಟ್ಟಬೇಡಿ. ಒಂದು ಪ್ಯಾಡರ್ ಹಿಂದೆ ಕೂರಿಸಿ.

ಸೋಲ್ಡರ್_ಸಾಗರ
675 ಅಣ್ಣ ನಾನು ಹೇಳಬೇಕಿದ್ದನ್ನು ನನಗಿಂತ ಚೆನ್ನಾಗಿ ಹೇಳಿದರು. ನಾನು ಬರೀ ಅಂಕಿ ಹಾಕುತ್ತೇನೆ.

ಟ್ಯಾಂಕಿನಿಂದ 15 ಪಿಎಫ್ ಸೀರೀಸಿನಲ್ಲಿ ಇಳಿಸಿ. ಅದು ಬಂದು ಮುಟ್ಟುವ ಜಾಗದಿಂದ ನೆಲಕ್ಕೆ 1000 ಪಿಎಫ್ ಖಾಯಂ. ಸ್ವಿಚ್ ಕೆಪಾಸಿಟರ್‌ಗಳೆಲ್ಲ ಈ 1000ದ ಪಕ್ಕಕ್ಕೆ. ಅಲ್ಲಿ ನೀವು ಏನೇ ಸೇರಿಸಿದರೂ ಟ್ಯಾಂಕಿಗೆ ಕಾಣುವುದು 15 ಭಾಗಿಸು 1015, ಅದರ ವರ್ಗದಷ್ಟು. ಅಂದರೆ ಸುಮಾರು 4,600ರಲ್ಲಿ ಒಂದು ಪಾಲು. ವರ್ಗ ಯಾಕೆ ಅಂದರೆ ಕುಗ್ಗುವುದು ಎರಡು ಸಲ. ಟ್ಯಾಂಕಿನ ವೋಲ್ಟೇಜ್ ಅಲ್ಲಿಗೆ ತಲುಪುವಾಗ ಒಮ್ಮೆ ಕುಗ್ಗುತ್ತದೆ. ಅಲ್ಲಿ ಹುಟ್ಟಿದ ಕರೆಂಟ್ ಟ್ಯಾಂಕಿಗೆ ವಾಪಸ್ ಬರುವಾಗ ಇನ್ನೊಮ್ಮೆ.

ಈಗ 0.003 ಪಿಎಫ್ ಬೇಕಾದರೆ ಅಲ್ಲಿ ಸೇರಿಸಬೇಕಾದದ್ದು 13 ಪಿಎಫ್ ಚಿಲ್ಲರೆ. ಎಲ್ಲಿ ಬೇಕಾದರೂ ಸಿಗುತ್ತದೆ.

ಇದರಲ್ಲಿ ನನಗೆ ಇಷ್ಟವಾದದ್ದು ಬೇರೆ ಇದೆ. ಕೆಪಾಸಿಟರ್ ದೊಡ್ಡದಾದ್ದರಿಂದ 2ಎನ್7000ದ 15 ಪಿಎಫ್ ಕಾಟ ತಾನಾಗೇ ಕಡಿಮೆ ಆಗುತ್ತದೆ. 150 ಪಿಎಫ್ ಸ್ವಿಚ್ ಮಾಡಿದರೆ 136 ನಿಮ್ಮ ಕೈಗೆ ಸಿಗುತ್ತದೆ. ಸ್ವಿಚ್‌ನ ರೆಸಿಸ್ಟೆನ್ಸ್ ಕೂಡ ಅದೇ ವರ್ಗದಲ್ಲಿ ಕುಗ್ಗುತ್ತದೆ. ನಾಲ್ಕೈದು ಓಮ್ ಇದ್ದರೂ ಟ್ಯಾಂಕಿನ ಕ್ಯೂಗೆ (ನಷ್ಟ ಎಷ್ಟು ಕಡಿಮೆ ಅನ್ನುವ ಅಳತೆ) ಏನೂ ಆಗುವುದಿಲ್ಲ. ಇದೇ ಸ್ವಿಚ್ಚಿನಿಂದ 100 ಪಿಎಫ್ ಅನ್ನು ನೇರ ಟ್ಯಾಂಕಿಗೆ ಕಟ್ಟಿ ನೋಡಿ, ಕ್ಯೂ ಸೀದಾ ನೆಲಕ್ಕೆ. ಬ್ಯಾಂಡ್ ಬದಲಾಯಿಸುವಂಥ ದೊಡ್ಡ ಕೆಲಸಕ್ಕೆ ರಿಲೇನೇ ಬೇಕು. ಸಣ್ಣ ಕೆಲಸಕ್ಕೆ ಕಳಪೆ ಸ್ವಿಚ್ ನಡೆಯುತ್ತದೆ, ಸರಿಯಾದ ಜಾಗದಲ್ಲಿ ಇಟ್ಟರೆ.

ಸ್ವಿಚ್ ಮಾಡುವ ಕೆಪಾಸಿಟರ್‌ಗಳು, ಪಿಎಫ್ ಲೆಕ್ಕದಲ್ಲಿ: 22, 33, 56, 100, 150, 270. ಎರಡೆರಡು ಪಟ್ಟು ಇಲ್ಲ, ಬೇಕಂತಲೇ ಕಡಿಮೆ ಇಟ್ಟಿದ್ದೇನೆ. ಒಂದರ ಮೇಲೊಂದು ಹೊದ್ದುಕೊಂಡಿದ್ದರೆ ಗುಂಡಿ ಬೀಳುವುದಿಲ್ಲ. ಎಲ್ಲ ಆಫ್ ಇದ್ದಾಗ ಮೊದಲ ಹೆಜ್ಜೆ 44 ಹರ್ಟ್ಜ್ ಆಸುಪಾಸು. ಎಲ್ಲ ಆನ್ ಇರುವ ತುದಿಯಲ್ಲಿ ಅದೇ 22 ಪಿಎಫ್‌ಗೆ 20ರ ಹತ್ತಿರ. ಒಟ್ಟು ಓಟ 1.2 ಕಿಲೋಹರ್ಟ್ಜ್. ಡ್ರಿಫ್ಟ್ ಅದಕ್ಕಿಂತ ಜಾಸ್ತಿ ಆದರೆ ಗ್ಯಾಂಗ್ ಸ್ವಲ್ಪ ಮುಟ್ಟಿ.

ಹೊಸಬ_ಹೊಸನಗರ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಕಾಲೇಜಿನಲ್ಲಿ ಸ್ವಿಚ್ಡ್ ಕೆಪಾಸಿಟರ್ ಅಂದರೆ ಕ್ಲಾಕ್ ಕೊಟ್ಟು ರೆಸಿಸ್ಟರ್ ಥರ ಬಳಸುವುದು ಅಂತ ಹೇಳಿಕೊಟ್ಟರು. ಇದು ಅದೇನಾ?

ಸೋಲ್ಡರ್_ಸಾಗರ
ಅಲ್ಲ. ಅದು ಫಿಲ್ಟರ್‌ದು. ಅಲ್ಲಿ ಕೆಪಾಸಿಟರ್ ಪ್ರತಿ ಕ್ಲಾಕಿಗೂ ಚಾರ್ಜ್ ಹೊತ್ತು ಹಾಕುತ್ತದೆ. 1 ಪಿಎಫ್ ಅನ್ನು 100 ಕಿಲೋಹರ್ಟ್ಜ್‌ನಲ್ಲಿ ಆಡಿಸಿದರೆ 10 ಮೆಗಓಮ್ ಇದ್ದ ಹಾಗೆ. ಇಲ್ಲಿ ಆನ್ ಮಾಡಿದರೆ ಆನ್, ಮುಂದಿನ ಆದೇಶದವರೆಗೆ ಅಲ್ಲಾಡುವುದಿಲ್ಲ.

ಕಪ್ಪೆರಾಗ, ಆಗುಂಬೆ ಕಡೆ
ನನಗೆ 7 ಮೆಗಾಹರ್ಟ್ಜ್ ಸಹವಾಸ ಇಲ್ಲ. ಆದರೆ ಇದೇ ಸಂಗತಿ ದಿನಾ ಬಳಸುತ್ತೇನೆ, ಡಿಎಸ್3231 ಗಡಿಯಾರ ಚಿಪ್‌ನಲ್ಲಿ.

ಮಳೆಗಾಲದಲ್ಲಿ ಕಾಡಿನಲ್ಲಿ ಮೂರು ನಾಲ್ಕು ಕಡೆ ರೆಕಾರ್ಡರ್ ಇಡುತ್ತೇವೆ, ಕಪ್ಪೆ ಕೂಗು ಹಿಡಿಯಲು. ಒಂದೇ ಕೂಗು ಯಾವ ರೆಕಾರ್ಡರ್‌ಗೆ ಮೊದಲು ತಲುಪಿತು, ಯಾವುದಕ್ಕೆ ಆಮೇಲೆ ಅಂತ ನೋಡಿ ಕಪ್ಪೆ ಎಲ್ಲಿದೆ ಅಂತ ಹೇಳಬಹುದು. ಆದರೆ ಎಲ್ಲ ಗಡಿಯಾರ ಒಂದೇ ಸಮ ಓಡಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್. ಗಡಿಯಾರ 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಪಾಲು) ತಪ್ಪಿದರೆ ಒಂದು ದಿನಕ್ಕೆ 0.17 ಸೆಕೆಂಡ್, ಅಂದರೆ 58 ಮೀಟರ್. ಕಪ್ಪೆ ಹಳ್ಳದ ಆಚೆ ದಡಕ್ಕೆ ಹೋಗಿಬಿಡುತ್ತದೆ! ಮರದ ಮುಚ್ಚಿಗೆ ಅಡಿಯಲ್ಲಿ ಜಿಪಿಎಸ್ ನಂಬುವ ಹಾಗಿಲ್ಲ, ಮೊಬೈಲ್ ಸಿಗ್ನಲ್ ಮಾತೇ ಬೇಡ.

ಡಿಎಸ್3231 ಒಳಗೆ 32,768 ಹರ್ಟ್ಜ್ ಕ್ರಿಸ್ಟಲ್ ಇದೆ, ಅದರ ಜೊತೆಗೆ ಸ್ವಿಚ್ ಮಾಡುವ ಕೆಪಾಸಿಟರ್‌ಗಳ ಒಂದು ಸಾಲು. ಚಿಪ್ 64 ಸೆಕೆಂಡಿಗೊಮ್ಮೆ ತನ್ನ ಟೆಂಪರೇಚರ್ ನೋಡಿಕೊಂಡು ಎಷ್ಟು ಕೆಪಾಸಿಟರ್ ಸೇರಿಸಬೇಕು ಅಂತ ತೀರ್ಮಾನಿಸುತ್ತದೆ. ಇಂಥ ಕ್ರಿಸ್ಟಲ್ 25 ಡಿಗ್ರಿ ಹತ್ತಿರ ಅತಿ ವೇಗ, ಆ ಕಡೆ ಈ ಕಡೆ ಹೋದರೆ ನಿಧಾನ. 10 ಡಿಗ್ರಿ ಸರಿದರೆ ಮೂರೂವರೆ ಪಿಪಿಎಂ. ನಮ್ಮಲ್ಲಿ ಚಳಿಗಾಲದ ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಸಲೀಸಾಗಿ ಇರುತ್ತದೆ.

ನಾವೂ ಕೈ ಹಾಕಬಹುದು. ಏಜಿಂಗ್ ಆಫ್‌ಸೆಟ್ ಅಂತ ಒಂದು ರಿಜಿಸ್ಟರ್ ಇದೆ, ವಿಳಾಸ ಹೆಕ್ಸ್ 10. ಮೈನಸ್ 128ರಿಂದ 127ರವರೆಗೆ ಬರೆಯಬಹುದು. ಪ್ಲಸ್ ಬರೆದರೆ ಕೆಪಾಸಿಟೆನ್ಸ್ ಸೇರಿ ಗಡಿಯಾರ ನಿಧಾನ, ಮೈನಸ್ ಬರೆದರೆ ವೇಗ. 25 ಡಿಗ್ರಿಯಲ್ಲಿ ಒಂದು ಹೆಜ್ಜೆ ಸುಮಾರು 0.1 ಪಿಪಿಎಂ. ದಿನಕ್ಕೆ 9 ಮಿಲಿಸೆಕೆಂಡಿಗೂ ಕಡಿಮೆ, 3 ಮೀಟರ್ ಕಪ್ಪೆ.

ಮನೆಯಂಗಳದಲ್ಲಿ ಜಿಪಿಎಸ್‌ನ ಸೆಕೆಂಡ್ ಪಲ್ಸ್ ಪಕ್ಕ ಇಟ್ಟು ಹೋಲಿಸುತ್ತೇನೆ. ಸರಿಯಾದ ಸಂಖ್ಯೆ ಬರೆದು ಡಬ್ಬ ಮುಚ್ಚುತ್ತೇನೆ. ಒಂದು ಕಿವಿಮಾತು: ರಿಜಿಸ್ಟರ್ ಬರೆದ ಕೂಡಲೇ ಬದಲಾವಣೆ ಕಾಣುವುದಿಲ್ಲ. ಮುಂದಿನ ಟೆಂಪರೇಚರ್ ಓದು ಆಗುವವರೆಗೆ ಕಾಯಬೇಕು, ಇಲ್ಲ ಕನ್ವರ್ಟ್ ಬಿಟ್ ಬರೆದು ಓದಿಸಬೇಕು.

ಡಿಜಿಟಲ್_ಗೌಡ
ಇದು ಗೊತ್ತೇ ಇರಲಿಲ್ಲ. ಕ್ರಿಸ್ಟಲ್ ಚಿಪ್ ಒಳಗಿದೆ, ಮುಟ್ಟುವ ಹಾಗಿಲ್ಲ ಅಂದುಕೊಂಡಿದ್ದೆ. ಅಂದ ಹಾಗೆ ಎಸ್ಐ5351 ಒಳಗೂ ಕ್ರಿಸ್ಟಲ್‌ಗೆ 6, 8, 10 ಪಿಎಫ್ ಅಂತ ಆರಿಸುವ ಕೆಪಾಸಿಟರ್ ಇದೆ. ಒರಟು, ಆದರೆ ಇದೆ.

ಕಪ್ಪೆರಾಗ
ಮಾಡ್ಯೂಲ್ ಕೊಳ್ಳುವಾಗ ಚಿಪ್ ಮೇಲಿನ ಅಕ್ಷರ ನೋಡಿ. ಡಿಎಸ್3231ಎಸ್‌ಎನ್ ಬೇರೆ, ಡಿಎಸ್3231ಎಂ ಬೇರೆ. ಎಂ ಅಂದರೆ ಕ್ರಿಸ್ಟಲ್ ಇಲ್ಲ, ಮೆಮ್ಸ್ ರೆಸೊನೇಟರ್ (ಸಿಲಿಕಾನ್ ಮೇಲೆ ಮಾಡಿದ ಅತಿ ಸಣ್ಣ ಕಂಪಕ). ಅದಕ್ಕೆ 5 ಪಿಪಿಎಂ ಗ್ಯಾರಂಟಿ. ಎಸ್‌ಎನ್‌ಗೆ 0ಯಿಂದ 40 ಡಿಗ್ರಿವರೆಗೆ 2 ಪಿಪಿಎಂ. ಇನ್ನೊಂದು, ಅಗ್ಗದ ನೀಲಿ ಮಾಡ್ಯೂಲ್‌ನಲ್ಲಿ ಚಾರ್ಜ್ ಮಾಡಬಾರದ ಸಿಆರ್2032 ಸೆಲ್ಲಿಗೂ ಚಾರ್ಜಿಂಗ್ ಡಯೋಡ್ ಕಟ್ಟಿರುತ್ತಾರೆ. ಅದನ್ನು ಕಿತ್ತು ಹಾಕಿ.

ಚಿಪ್_ಹುಡುಗ, ಶಿವಮೊಗ್ಗ/ಬೆಂಗಳೂರು
ದುರ್ಗಿಗುಡಿಯಲ್ಲಿ ಬೆಳೆದವನು, ಈಗ ಬೆಂಗಳೂರಿನಲ್ಲಿ ಇದೇ ಹೊಟ್ಟೆಪಾಡು. ಓದಿ ಖುಷಿ ಆಯ್ತು. ನೀವು ಪರ್ಫ್‌ಬೋರ್ಡ್ ಮೇಲೆ ಪಡುವ ಕಷ್ಟವನ್ನೇ ನಾವು ಸಿಲಿಕಾನ್ ಮೇಲೆ ಪಡುತ್ತೇವೆ.

2000ದ ದಶಕದ ಆರಂಭದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಸ್ಟಾಶೆವ್ಸ್ಕಿ ಮತ್ತು ಜೊತೆಗಾರರು ಬ್ಲೂಟೂತ್ ಚಿಪ್‌ಗೆ ಪೂರ್ತಿ ಡಿಜಿಟಲ್ ಆಗಿ ಟ್ಯೂನ್ ಆಗುವ ಆಸಿಲೇಟರ್ ಮಾಡಿದರು. ಅದರಲ್ಲಿ ಮೂರು ಬ್ಯಾಂಕ್. ಮೊದಲನೆಯದರ ಹೆಜ್ಜೆ 2.3 ಮೆಗಾಹರ್ಟ್ಜ್, ಚಿಪ್ಪಿಂದ ಚಿಪ್ಪಿಗೆ ಇರುವ ವ್ಯತ್ಯಾಸ ಸರಿದೂಗಿಸಲು. ಎರಡನೆಯದು 460 ಕಿಲೋಹರ್ಟ್ಜ್, ಚಾನೆಲ್ ಹಿಡಿಯಲು. ಮೂರನೆಯದು 23 ಕಿಲೋಹರ್ಟ್ಜ್, ಹಿಡಿದದ್ದನ್ನು ಬಿಡದಿರಲು. 2.4 ಗಿಗಾಹರ್ಟ್ಜ್‌ನಲ್ಲಿ 23 ಕಿಲೋಹರ್ಟ್ಜ್ ಅಂದರೆ ಹತ್ತು ಪಿಪಿಎಂ ಅಷ್ಟೆ. ಟ್ಯಾಂಕ್ 2 ಪಿಎಫ್ ಅಂತ ಹಿಡಿದರೂ ಹೆಜ್ಜೆ 0.00004 ಪಿಎಫ್. ಅಷ್ಟು ಸಾಲದು ಅಂತ ಒಂದು ಸಣ್ಣ ಕೆಪಾಸಿಟರನ್ನು ಅತಿ ವೇಗದಲ್ಲಿ ಆನ್ ಆಫ್ ಮಾಡಿ ಸರಾಸರಿಯಲ್ಲಿ ಇನ್ನೂ ಸಣ್ಣ ಹೆಜ್ಜೆ ತೆಗೆಯುತ್ತಾರೆ. ಡಿದರಿಂಗ್ ಅನ್ನುತ್ತೇವೆ. ತಾಳ ತಪ್ಪಿದರೆ ಪಕ್ಕದಲ್ಲಿ ಸ್ಪರ್ (ಬೇಡದ ಫ್ರೀಕ್ವೆನ್ಸಿ) ಏಳುತ್ತದೆ, ಅದಕ್ಕೇ ಆ ಆನ್ ಆಫ್ ಕ್ರಮವನ್ನು ಸಿಗ್ಮಾ ಡೆಲ್ಟಾ ಅನ್ನುವ ಪದ್ಧತಿಯಿಂದ ಕಲಸಿಬಿಡುತ್ತಾರೆ.

2010ರಲ್ಲಿ ಇಟಲಿಯ ಪಾವಿಯಾದ ಫನೋರಿ, ಲಿಶಿದಿನಿ, ಕಸ್ತೆಲ್ಲೊ ಇನ್ನೊಂದು ದಾರಿ ತೋರಿಸಿದರು. ಫೈನ್ ಬ್ಯಾಂಕನ್ನು ಟ್ಯಾಂಕಿನಿಂದಲೇ ಎತ್ತಿ, ಟ್ರಾನ್ಸಿಸ್ಟರ್ ಜೋಡಿಯ ಸೋರ್ಸ್ ನಡುವೆ ಇಟ್ಟರು. ಅಲ್ಲಿ ಅದರ ಪ್ರಭಾವ ತುಂಬಾ ಕುಗ್ಗಿ ಟ್ಯಾಂಕಿಗೆ ತಲುಪುತ್ತದೆ. 675 ಅವರ ಪ್ಯಾಡರ್‌ನ ದೂರದ ನೆಂಟ ಅನ್ನಬಹುದು.

ಬೈನರಿ ಬಗ್ಗೆ ಒಂದು ಮಾತು. ನಾವು ಟ್ರ್ಯಾಕಿಂಗ್ ಬ್ಯಾಂಕಿಗೆ (ಮೇಲೆ ಹೇಳಿದ ಮೂರನೆಯದು) ಬೈನರಿ, ಅಂದರೆ ಒಂದಕ್ಕಿಂತ ಒಂದು ಎರಡು ಪಟ್ಟು ಅಂತ, ಹಾಕುವುದಿಲ್ಲ, ಒಂದೇ ಅಳತೆಯ ಕೆಪಾಸಿಟರ್ ಸಾಲಾಗಿ ಇಡುತ್ತೇವೆ. 31ರಿಂದ 32ಕ್ಕೆ ಹೋಗುವಾಗ ಬೈನರಿಯಲ್ಲಿ ಐದು ಆಫ್ ಆಗಿ ಒಂದು ಆನ್ ಆಗಬೇಕು. ಸ್ವಲ್ಪ ಹೊಂದಾಣಿಕೆ ತಪ್ಪಿದರೂ ಹೆಜ್ಜೆ ಹಿಂದಕ್ಕೆ ಬೀಳುತ್ತದೆ. ಲೂಪ್ ಮುಂದೆ ತಳ್ಳಿದಷ್ಟೂ ಅದು ಹಿಂದೆ. ಸಾಲಾಗಿ ಇಟ್ಟರೆ ಆ ಭಯ ಇಲ್ಲ, ಜಾಗ ಮತ್ತು ತಂತಿ ಮಾತ್ರ ಜಾಸ್ತಿ.

ತುಂಗಾತೀರ
ಕಟ್ಟಿದೆ! 15 ಪಿಎಫ್, 1000 ಪಿಎಫ್, ಆರು ಸ್ವಿಚ್. ಒಟ್ಟು ಓಟ 1.2 ಕಿಲೋಹರ್ಟ್ಜ್‌ಗೆ ಹತ್ತಿರವೇ ಬಂತು. ಆದರೆ ಕೋಡ್ 0ಯಿಂದ 63ರವರೆಗೆ ಏರಿಸುತ್ತಾ ಹೋದರೆ ಫ್ರೀಕ್ವೆನ್ಸಿ ಒಂದೇ ಸಮ ಇಳಿಯುವುದಿಲ್ಲ. ಕೆಲವು ಕಡೆ ವಾಪಸ್ ಮೇಲೆ ಹಾರುತ್ತದೆ. ಚಿಪ್_ಹುಡುಗ ಹೇಳಿದ್ದು ಇದೇ ಅಲ್ವಾ?

ಸೋಲ್ಡರ್_ಸಾಗರ
ಅದೇ. ಹೊದಿಕೆ ಇಟ್ಟಿದ್ದರಿಂದ ಹಾಗಾಗಲೇಬೇಕು. ನಮ್ಮ ಹತ್ತಿರ ಸಿಲಿಕಾನ್ ಇಲ್ಲ, ಮೆಮೊರಿ ಇದೆ. ಪವರ್ ಕೊಟ್ಟು ಬಿಸಿಯಾದ ಮೇಲೆ 64 ಕೋಡ್‌ಗಳನ್ನೂ ಒಮ್ಮೆ ಅಳೆಯಲಿ. ಫ್ರೀಕ್ವೆನ್ಸಿ ಪ್ರಕಾರ ಜೋಡಿಸಿ ಟೇಬಲ್ ಮಾಡಿಟ್ಟುಕೊಳ್ಳಲಿ. ಆಮೇಲೆ ಲೂಪ್ ಆ ಟೇಬಲ್ ಮೇಲೆ ಮಾತ್ರ ಹೆಜ್ಜೆ ಹಾಕಲಿ. ಗುಂಡಿ ಇದ್ದರೆ ಮುಚ್ಚಲು ಆಗುವುದಿಲ್ಲ, ಹೊದಿಕೆ ಇದ್ದರೆ ವಿಂಗಡಿಸಬಹುದು.

ಕೌಂಟರ್ ಗೇಟ್, ಅಂದರೆ ಒಂದು ಸಲ ಎಣಿಸುವ ಅವಧಿ, ಎಷ್ಟು? 0.1 ಸೆಕೆಂಡ್ ಇಟ್ಟರೆ 10 ಹರ್ಟ್ಜ್‌ಗಿಂತ ಸಣ್ಣದು ಕಾಣುವುದಿಲ್ಲ. 1 ಸೆಕೆಂಡ್ ಇಡಿ. ಡ್ರಿಫ್ಟ್‌ಗೆ ಅವಸರ ಇಲ್ಲ.

ಭದ್ರಾವತಿ_675
ಎಣಿಸಿ ಎಣಿಸಿ ತಳ್ಳುವ ಈ ಪದ್ಧತಿಗೆ ವಯಸ್ಸಾಗಿದೆ. ಡಚ್ ಹ್ಯಾಮ್ ಕ್ಲಾಸ್ ಸ್ಪಾರ್‌ಗಾರೆನ್, ಪಿಎ0ಕೆಎಸ್‌ಬಿ, 1973ರಲ್ಲಿ ತೋರಿಸಿದ್ದು. ಹಫ್ ಅಂಡ್ ಪಫ್ ಅಂತ ಹೆಸರು. ಅವರು ವ್ಯಾರಕ್ಟರ್ ಅನ್ನು ತಳ್ಳುತ್ತಿದ್ದರು, ನೀವು ಸ್ವಿಚ್ ತಳ್ಳುತ್ತಿದ್ದೀರಿ.

ಮಲೆನಾಡ_ಮಳೆ, ಕೊಪ್ಪ
ಎಲ್ಲ ಸರಿ. ಆಷಾಢ ಬಂದಾಗ ಏನು ಮಾಡುತ್ತೀರಿ? ನಮ್ಮಲ್ಲಿ ಜಡಿಮಳೆ ಹಿಡಿದರೆ ಬೋರ್ಡ್ ಮೇಲೆ ಬೂಷ್ಟು ಬರುತ್ತದೆ. ಬೋರ್ಡ್ ತೇವ ಹೀರಿದರೆ ಪಟ್ಟಿಗಳ ನಡುವಿನ ಕೆಪಾಸಿಟೆನ್ಸ್ ಏರುತ್ತದೆ. ನಿಮ್ಮ ಲೆಕ್ಕದಲ್ಲೇ 0.1 ಪಿಎಫ್ ಅಂದರೆ 1.7 ಕಿಲೋಹರ್ಟ್ಜ್, ಇಡೀ ಬ್ಯಾಂಕ್ ಒಂದೇ ಗುಟುಕಿಗೆ ಖಾಲಿ. ಟ್ಯಾಂಕಿನ ಬಿಸಿ ತುದಿಯನ್ನು ಬೋರ್ಡಿಗೆ ತಾಗಿಸದೆ ಗಾಳಿಯಲ್ಲೇ ಬೆಸೆಯಿರಿ. ಕಾಯಿಲ್‌ಗೆ ಮೇಣ. ಕೆಪಾಸಿಟರ್ ಎಲ್ಲ ಎನ್‌ಪಿ0 (ಬಿಸಿಗೆ ಕೆಪಾಸಿಟೆನ್ಸ್ ಬದಲಾಗದ ಬಗೆ), ಎಕ್ಸ್7ಆರ್ (ಬದಲಾಗುವ ಬಗೆ) ಹತ್ತಿರವೂ ಸೇರಿಸಬೇಡಿ. ಆ 1000 ಪಿಎಫ್ ಕೂಡ ಎನ್‌ಪಿ0 ಇರಲಿ. ಡಬ್ಬ ತಗಡಿನದ್ದು, ಮುಚ್ಚಳ ಭದ್ರ. ಮೇ ತಿಂಗಳ ಗುಡುಗಿಗೆ ಆಂಟೆನಾ ಕಿತ್ತಿಡಿ, ಅದನ್ನು ಹೇಳಬೇಕಾಗಿಲ್ಲ ಬಿಡಿ.

ತುಂಗಾತೀರ
1000 ಪಿಎಫ್ ಸಾದಾ ಸೆರಾಮಿಕ್ ಇತ್ತು. ಬದಲಾಯಿಸುತ್ತೇನೆ. ಟೇಬಲ್ ಮಾಡಿದ ಮೇಲೆ ಲೂಪ್ ಚೆನ್ನಾಗಿ ಹಿಡಿಯುತ್ತದೆ. ಒಂದೇ ಕಿರಿಕಿರಿ, ಸಿಡಬ್ಲ್ಯೂ (ಮೋರ್ಸ್) ಕೇಳುವಾಗ ಸೆಕೆಂಡಿಗೊಮ್ಮೆ ದನಿ ಟುಂಯ್ ಟುಂಯ್ ಅಂತ ಎರಡು ಕೋಡ್ ನಡುವೆ ಆಡುತ್ತದೆ.

ಚಿಪ್_ಹುಡುಗ
ಡೆಡ್‌ಬ್ಯಾಂಡ್ ಇಡಿ. ತಪ್ಪು ಒಂದು ಹೆಜ್ಜೆಯ ಅರ್ಧಕ್ಕಿಂತ ಜಾಸ್ತಿ ಆಗುವವರೆಗೆ ಲೂಪ್ ಕೈ ಕಟ್ಟಿ ಕೂರಲಿ. ಮತ್ತೆ, ಕಂಟ್ರೋಲರ್‌ನ ಕ್ರಿಸ್ಟಲ್ 10 ಪಿಪಿಎಂ ಸರಿದರೆ ನಿಮ್ಮ 7 ಮೆಗಾಹರ್ಟ್ಜ್ 70 ಹರ್ಟ್ಜ್ ಅದರ ಹಿಂದೆಯೇ ಹೋಗುತ್ತದೆ. ಅದನ್ನು ಆಸಿಲೇಟರ್ ಡಬ್ಬದಿಂದ ದೂರ, ತಣ್ಣಗಿರುವ ಕಡೆ ಇಡಿ.

ಕಪ್ಪೆರಾಗ
ಇಲ್ಲ ಅಂದರೆ ಡಿಎಸ್3231ರ 32 ಕಿಲೋಹರ್ಟ್ಜ್ ಪಿನ್‌ನಿಂದ ಗೇಟ್ ಮಾಡಿ. ಓಪನ್ ಡ್ರೈನ್, ಒಂದು ಪುಲ್‌ಅಪ್ ಬೇಕು.

ತುಂಗಾತೀರ
ಎಲ್ಲ ಹೆಜ್ಜೆಯೂ ಒಂದೇ ಅಳತೆ ಇಲ್ಲವಲ್ಲ, ಹಾಗಾಗಿ ಡೆಡ್‌ಬ್ಯಾಂಡ್ ಸದ್ಯಕ್ಕೆ 25 ಹರ್ಟ್ಜ್ ಇಟ್ಟೆ. ಟುಂಯ್ ಟುಂಯ್ ನಿಂತಿತು. ಡಿಎಸ್3231 ಒಂದು ಮಾಡ್ಯೂಲ್ ಮನೆಯಲ್ಲೇ ಇದೆ, ನೋಡಿದರೆ ಎಂ! ಎಸ್‌ಎನ್ ತರಿಸುತ್ತೇನೆ. ಅಲ್ಲಿಯವರೆಗೆ ಕಂಟ್ರೋಲರ್ ಕ್ರಿಸ್ಟಲ್ಲೇ. ಸರ್ಕ್ಯೂಟ್ ಚಿತ್ರವನ್ನೂ ಕೋಡನ್ನೂ ಭಾನುವಾರ ಇಲ್ಲೇ ಹಾಕುತ್ತೇನೆ, ಕರೆಂಟ್ ಇದ್ದರೆ.